ವಿಭೂತಿ ಹಚ್ಚಿದ ಕಾರ್ಡುಗಳು

ಲಿಂಗಸೂಗೂರಿನ ತರಬೇತಿಯಲ್ಲಿ ನಮಗೆ ಬೆಳಗಿನಿಂದ ಸಂಜೆವರೆಗೆ ಹೇಳಿದ್ದು ಒಂದೇ ಮಾತು: ಎಲ್ಲಾ ಪುಕ್ಕಟೆ. ಪಾಠದ ಚಿತ್ರ ಪುಕ್ಕಟೆ, ಪ್ರಯೋಗಾಲಯ ಪುಕ್ಕಟೆ, ಪ್ರಶ್ನೆ ಕೇಳಿ ಅಂಕ ಹಾಕುವ ಆ್ಯಪ್ ಪುಕ್ಕಟೆ, ಪುಸ್ತಕ ಓದಿ ಹೇಳುವ ದನಿಯೂ ಪುಕ್ಕಟೆ. ಇಂಟರ್ನೆಟ್ಟಿನಲ್ಲಿ ಇಷ್ಟೆಲ್ಲ ರಾಶಿ ಬಿದ್ದಿರುವಾಗ ನೀವು ಇನ್ನೂ ಚಾಕ್‌ಪೀಸ್ ಹಿಡಿದು ಕೂತಿದ್ದೀರಲ್ಲ ಎಂದು ಕಲಿಸಲು ಬಂದ ತರುಣ ನಮ್ಮನ್ನೆಲ್ಲ ಕನಿಕರದಿಂದ ನೋಡಿದ. ನನಗೆ ಮೈಯೆಲ್ಲ ಉರಿಯಿತು. ಉರಿದರೂ ಅವನು ತೋರಿಸಿದ್ದನ್ನೆಲ್ಲ ಫೋನಿಗೆ ಇಳಿಸಿಕೊಂಡೆ. ಪುಕ್ಕಟೆ ಸಿಗುವುದನ್ನು ಬಿಟ್ಟು ಬರುವ ಜಾಯಮಾನ ನಮ್ಮ ಮನೆತನದಲ್ಲೇ ಇಲ್ಲ.

ನಾನು ವಿಜ್ಞಾನದ ಟೀಚರ್. ಮನೆ ಸಿಂಧನೂರಿನಲ್ಲಿ. ಶಾಲೆ ಮಾತ್ರ ಮಸ್ಕಿಯ ದಾರಿಯಲ್ಲಿ ಬಸ್ಸಿಳಿದು, ಕಾಲುವೆ ದಂಡೆ ಹಿಡಿದು ಒಳಗೆ ನಡೆದರೆ ಸಿಗುತ್ತದೆ. ಅರ್ಧ ಮಕ್ಕಳು ಊರವರು, ಇನ್ನರ್ಧ ಕ್ಯಾಂಪಿನವರು. ಕ್ಯಾಂಪೆಂದರೆ ಕಾಲುವೆಗೆ ನೀರು ಬಂದ ಕಾಲಕ್ಕೆ ಆಂಧ್ರದ ಕಡೆಯಿಂದ ಬಂದು, ಭತ್ತ ಹಚ್ಚಿ, ಇಲ್ಲೇ ನೆಲೆನಿಂತ ತೆಲುಗು ಮಂದಿಯ ವಸತಿ. ಹೊಲದಲ್ಲಿ, ಅಂಗಡಿಯಲ್ಲಿ, ಮದುವೆಯ ಊಟದ ಪಂಕ್ತಿಯಲ್ಲಿ ಎರಡೂ ಕಡೆಯವರು ಚೆನ್ನಾಗಿಯೇ ಇರುತ್ತಾರೆ. ತರಗತಿಯಲ್ಲಿ ಮಾತ್ರ, ಒಂದು ತೆಲುಗು ಶಬ್ದ ಬಾಯಿ ತಪ್ಪಿ ಬಂದರೆ ಊರಿನ ಹುಡುಗರಿಗೆ ಇಡೀ ದಿನ ನಗಲು ಅಷ್ಟೇ ಸಾಕು.

ತರಬೇತಿಯಿಂದ ಬಂದವಳೇ ಒಂದೊಂದಾಗಿ ಶುರುಮಾಡಿದೆ. ದಾನಿಗಳು ಕೊಟ್ಟ ದೊಡ್ಡ ಟಿವಿಯ ಮೇಲಿನ ಕಸೂತಿ ಬಟ್ಟೆ ತೆಗೆದು, ಫೋನು ಜೋಡಿಸಿ, ಸೂರ್ಯನ ಸುತ್ತ ಭೂಮಿ ತಿರುಗುವ ಚಿತ್ರ ಹಚ್ಚಿದೆ. ಭೂಮಿ ಅರ್ಧ ಸುತ್ತು ತಿರುಗಿತು. ಅಷ್ಟಕ್ಕೆ ನೆಟ್‌ವರ್ಕ್ ಹೋಯಿತು. ಆರು ತಿಂಗಳು ಕಳೆದು ಭೂಮಿ ನಿಂತುಬಿಟ್ಟಿತು, ಮಕ್ಕಳು ಉಳಿದ ಆರು ತಿಂಗಳಿಗೆ ಕಾಯುತ್ತ ಕೂತರು. ಮರುದಿನ ಪಾಠ ಓದಿ ಹೇಳುವ ದನಿಯನ್ನು ಕೇಳಿಸಿದೆ. ಬಹಳ ಸ್ವಚ್ಛವಾದ, ಬಹಳ ದೂರದ ಕನ್ನಡ. ಸ್ವಲ್ಪ ಹೊತ್ತು ಗಲ್ಲಕ್ಕೆ ಕೈಕೊಟ್ಟು ಕೇಳಿದ ಒಬ್ಬಳು, “ಟೀಚರ್, ಈ ಅಕ್ಕ ಯಾವ ಊರಾಕಿ ರೀ? ಊಟ ಮಾಡ್ಯಾಳೋ ಇಲ್ಲೋ, ಭಾಳ ಮೆತ್ತಗ ಮಾತಾಡಾಕತ್ತಾಳ,” ಎಂದಳು. ಆ ಅಕ್ಕನನ್ನೂ ಅಲ್ಲಿಗೇ ಕೈಬಿಟ್ಟೆ.

ಉಳಿದದ್ದು ಅಂಕ ಹಾಕುವ ಆ್ಯಪ್, ಅದರ ಕಾರ್ಡುಗಳು. ಇದು ಬಹಳ ಸರಳವಾದ ಹಿಕಮತ್ತು. ಪ್ರತಿ ಮಗುವಿಗೊಂದು ಚೌಕ ಕಾರ್ಡು. ಅದರ ಮೇಲೆ ಕಪ್ಪು ಬಿಳಿ ಚೌಕಳಿಯ ಒಂದು ಗುರುತು, ಒಬ್ಬರದಿದ್ದಂತೆ ಇನ್ನೊಬ್ಬರದಿಲ್ಲ. ನಾಲ್ಕು ಬದಿಗೆ ಎ, ಬಿ, ಸಿ, ಡಿ ಎಂದು ಇರುವೆಯಷ್ಟು ಸಣ್ಣ ಅಕ್ಷರ. ನಾನು ಪ್ರಶ್ನೆ ಕೇಳಿ ನಾಲ್ಕು ಉತ್ತರ ಹೇಳುತ್ತೇನೆ. ಯಾವ ಉತ್ತರ ಸರಿ ಅನ್ನಿಸುತ್ತದೋ ಆ ಅಕ್ಷರ ಮೇಲೆ ಬರುವಂತೆ ಮಗು ಕಾರ್ಡನ್ನು ತಿರುಗಿಸಿ ನನ್ನ ಕಡೆ ಹಿಡಿಯುತ್ತದೆ. ನಾನು ಫೋನಿನ ಕ್ಯಾಮೆರಾವನ್ನು ತರಗತಿಯ ಮೇಲೆ ಒಮ್ಮೆ ಆಡಿಸಿದರೆ ಮುಗಿಯಿತು. ಯಾರದು ಸರಿ, ಯಾರದು ತಪ್ಪು ಎಂದು ಹೆಸರಿನ ಸಮೇತ ಟಿವಿಯಲ್ಲಿ ಬರುತ್ತದೆ. ಮಕ್ಕಳ ಹತ್ತಿರ ಫೋನು ಬೇಕಿಲ್ಲ, ನೆಟ್‌ವರ್ಕೂ ಗುಟುಕು ಜೀವ ಹಿಡಿದಿದ್ದರೆ ಸಾಕು.

ಗುರುತುಗಳನ್ನು ಮಸ್ಕಿಯ ಝೆರಾಕ್ಸ್ ಅಂಗಡಿಯಲ್ಲಿ ತೆಗೆಸಿದೆ. ತೆಳ್ಳನೆಯ ಹಾಳೆ ಕೈಯಲ್ಲಿ ನಿಲ್ಲುವುದಿಲ್ಲವಲ್ಲ, ಅದಕ್ಕೆ ಮನೆಯಲ್ಲಿ ಬಿದ್ದಿರುವ ಹಳೇ ಮದುವೆ ಪತ್ರಿಕೆಗಳನ್ನು ತರಲು ಹೇಳಿದೆ. ನಮ್ಮ ಕಡೆ ಮದುವೆ ಪತ್ರಿಕೆ ಎಂದರೆ ಬಾಗಿಲಿನ ಹಲಗೆಯಷ್ಟು ದಪ್ಪ. ಹೀಗಾಗಿ ಎಲ್ಲರ ಕಾರ್ಡಿನ ಮುಂದೆ ವಿಜ್ಞಾನ, ಹಿಂದೆ ಗಣಪತಿ, ವಧು, ವರ ಮತ್ತು ಆಗಮನಾಭಿಲಾಷಿಗಳ ಹೆಸರು. ಪ್ರಶ್ನೆಗೆ ಉತ್ತರ ಹೊಳೆಯದಿದ್ದಾಗ ಮಕ್ಕಳು ಹಿಂಬದಿ ತಿರುಗಿಸಿ ಯಾರ ಮದುವೆ ಯಾವ ಕಲ್ಯಾಣಮಂಟಪದಲ್ಲಿ ಆಯಿತು ಎಂದು ಓದುತ್ತಿದ್ದರು.

ಆದರೆ ಆ ಕಾರ್ಡುಗಳು ನನಗೊಂದು ಸಂಗತಿ ತೋರಿಸಿದವು. ಕಡೇ ಬೆಂಚಿನಲ್ಲಿ ಕಿಟಕಿಯ ಪಕ್ಕ ಕ್ಯಾಂಪಿನ ಹುಡುಗಿಯೊಬ್ಬಳು ಕೂಡುತ್ತಿದ್ದಳು. ಆ ವರ್ಷ ಶಾಲೆ ಶುರುವಾದ ಹೊಸದರಲ್ಲಿ ಎದ್ದುನಿಂತು ಓದುವಾಗ ನಡುವೆ ತೆಲುಗು ನುಸುಳಿ, ತರಗತಿಯೆಲ್ಲ ಬಿದ್ದುಬಿದ್ದು ನಕ್ಕಿತ್ತು. ಅಂದು ಮುಚ್ಚಿದ ಬಾಯಿಯನ್ನು ಆಕೆ ಮತ್ತೆ ತೆರೆದಿರಲಿಲ್ಲ. ಹಾಜರಿ ಕರೆದರೂ ಕೈ ಎತ್ತುತ್ತಿದ್ದಳು, ಅಷ್ಟೆ. ಆಕೆಗೆ ಏನೂ ಬರುವುದಿಲ್ಲ ಎಂದು ಎಲ್ಲರೂ ತೀರ್ಮಾನಿಸಿದ್ದರು. ಕಾರ್ಡು ಬಂದ ಮೊದಲ ವಾರವೇ ಟಿವಿಯಲ್ಲಿ ಆಕೆಯ ಹೆಸರಿನ ಮುಂದೆ ಹಸಿರು ಬರತೊಡಗಿತು. ಮರುದಿನವೂ ಹಸಿರು, ಮೂರನೇ ದಿನವೂ ಹಸಿರು. ಮುಂದಿನ ಬೆಂಚಿನ ಜಾಣರು ಕೆಂಪಾದ ಕಡೆಯೂ ಆಕೆ ಹಸಿರೇ. ನನಗೆ ಎಷ್ಟು ಖುಷಿಯಾಯಿತೆಂದರೆ ಅಂದು ಬಸ್ಸಿನಲ್ಲಿ ಪಕ್ಕ ಕೂತ ಗುರುತಿಲ್ಲದ ಹೆಂಗಸಿಗೆ ಅದನ್ನೆಲ್ಲ ಹೇಳಿಬಿಟ್ಟೆ. ಆಕೆ, “ಛಲೋ ಆತು ಬಿಡ್ರಿ,” ಎಂದು ನನ್ನ ಕೈಗೆ ಒಂದು ಹಿಡಿ ಶೇಂಗಾ ಕೊಟ್ಟಳು.

ಈ ಖುಷಿಗೆ ಅಡ್ಡ ನಿಂತವರು ನಮ್ಮ ಹೆಡ್ ಮಾಸ್ತರು. ಗಣಿತ ಅವರ ವಿಷಯ. ಹಣೆಯ ಮೇಲೆ ಮೂರು ವಿಭೂತಿ ಪಟ್ಟೆ ಅಳತೆಪಟ್ಟಿ ಇಟ್ಟು ಎಳೆದ ಹಾಗೆ. ಒಳ್ಳೆಯವರು, ಯಾರಿಗೂ ಕೇಡು ಬಗೆದವರಲ್ಲ. ಆದರೆ ತರಗತಿಯಲ್ಲಿ ಮೊಬೈಲ್ ಕಂಡರೆ ಅಡುಗೆಮನೆಯಲ್ಲಿ ಚಪ್ಪಲಿ ಕಂಡವರಂತೆ ಚಡಪಡಿಸುತ್ತಿದ್ದರು. ಆಗ ತಾನೇ ಅವರು ಹಿಂದುಳಿದ ಮಕ್ಕಳನ್ನು ಬೇರೆ ಮಾಡಿ, ವಿಜ್ಞಾನ ಗಣಿತದ ಪಿರಿಯಡ್ಡಿನಲ್ಲಿ ಅವರನ್ನು ಪಡಸಾಲೆಯಲ್ಲಿ ಕೂಡಿಸಿ ಅಕ್ಷರ ತಿದ್ದಿಸುವ ಏರ್ಪಾಡು ಮಾಡುತ್ತಿದ್ದರು. ಅದರಲ್ಲಿ ಕ್ಯಾಂಪಿನ ಹುಡುಗಿಯ ಹೆಸರೂ ಇತ್ತು. ನಾನು ಓಡಿಹೋಗಿ ಹೇಳಿದೆ, ಆಕೆಯ ಉತ್ತರಗಳೆಲ್ಲ ಸರಿ ಇವೆ ಸರ್, ಟಿವಿಯಲ್ಲಿ ನೋಡಿ ಬೇಕಾದರೆ ಎಂದು.

“ಮೊಬೈಲ್ ಹೇಳಿದ್ದು ಖರೇ ಅಂತ ಹೆಂಗ ನಂಬಾದ್ರಿ ಟೀಚರ್ರ?” ಎಂದರು. “ನನ್ನ ಮೊಬೈಲ್ ದಿನಾ ನನಗ ಲಾಟರಿ ಹತ್ಯಾದ ಅಂತ ಹೇಳ್ತೈತಿ. ಹುಡುಗಿ ಬಾಯಿಬಿಟ್ಟು ಹೇಳ್ಲಿ, ನಂಬ್ತೀನಿ.”

“ಆಕಿ ಬಾಯಿ ಬಿಡಂಗಿಲ್ಲ ಅಂತನ ಈ ಕಾರ್ಡ್ ರೀ ಸರ್. ಇದು ಆಟದ ಸಾಮಾನಲ್ಲ, ಪಾಠದ ಆಯುಧ,” ಎಂದೆ. ತರಬೇತಿಯ ತರುಣ ಹೇಳಿಕೊಟ್ಟ ಮಾತು. ನನಗೂ ಹೇಳುವಾಗ ಭಾರಿ ಅನ್ನಿಸಿತು.

ಕೊನೆಗೆ ಒಂದು ಒಪ್ಪಂದವಾಯಿತು. ಲಿಂಗಸೂಗೂರಿನಿಂದ ಶಾಲೆ ನೋಡಲು ಇಲಾಖೆಯ ಸಾಹೇಬರು ಬರುವವರಿದ್ದರು. ಅವರೆದುರು ನಾನು ಕಾರ್ಡಿನ ಪಾಠ ಮಾಡಬೇಕು. ಸಾಹೇಬರು ಭೇಷ್ ಎಂದರೆ ಮೊಬೈಲು ಉಳಿಯುತ್ತದೆ, ಹುಡುಗಿಯೂ ತರಗತಿಯಲ್ಲೇ ಉಳಿಯುತ್ತಾಳೆ. ಇಲ್ಲವೆಂದರೆ ಮೊಬೈಲು ಹೆಡ್ ಮಾಸ್ತರ ಕಬ್ಬಿಣದ ಬೀರುವಿಗೆ, ಹುಡುಗಿ ಪಡಸಾಲೆಗೆ. ನಾನು ಧೈರ್ಯವಾಗಿ ಒಪ್ಪಿಕೊಂಡೆ. ಕಾರ್ಡು ಒಮ್ಮೆಯೂ ಕೈಕೊಟ್ಟಿರಲಿಲ್ಲ.

ನಡುವೆ ದಸರೆ ಬಂತು. ರಜೆ ಬಿಡುವ ಮುನ್ನಾದಿನ ನಮ್ಮ ಶಾಲೆಯಲ್ಲಿ ಆಯುಧಪೂಜೆ ಮಾಡುವ ರೂಢಿ. ಅಂದು ನಾನು ಲಿಂಗಸೂಗೂರಿನಲ್ಲಿ ಒಂದು ಸಭೆಗೆ ಹೋಗಿ ಆಕಳಿಸುತ್ತ ಕೂತಿದ್ದೆ. ಇತ್ತ ಶಾಲೆಯಲ್ಲಿ ಗಂಟೆಗೆ, ಬೀಗಕ್ಕೆ, ನೀರಿನ ಮೋಟರಿಗೆ, ಟಿವಿಗೆ, ಬಿಸಿಯೂಟದ ಒಲೆಗೆ ಪೂಜೆ ನಡೆಯಿತು. ಅದಾದ ಮೇಲೆ ಹೆಡ್ ಮಾಸ್ತರಿಗೆ ನನ್ನ ಮಾತು ನೆನಪಾಗಿದೆ.

ರಜೆ ಮುಗಿದು ಶಾಲೆ ತೆರೆದ ದಿನ, ಬಸ್ಸು ತಡವಾಗಿ ನಾನು ಓಡೋಡಿ ಬಂದರೆ ಬಾಗಿಲಲ್ಲಿ ಜೀಪು ನಿಂತಿತ್ತು. ತೆರೆದ ದಿನವೇ ಸಾಹೇಬರು ಬರುತ್ತಾರೆಂದು ಯಾರು ಎಣಿಸಿದ್ದರು? ಅವರು ಆಫೀಸಿನಲ್ಲಿ ಮಂಡಕ್ಕಿ ಒಗ್ಗರಣಿ ಮಿರ್ಚಿ ತಿನ್ನುತ್ತಿದ್ದರು. ಮಿರ್ಚಿ ಮುಗಿಯುವುದರೊಳಗೆ ಸಿದ್ಧಮಾಡೋಣವೆಂದು ತರಗತಿಗೆ ಹೋಗಿ ಕಪಾಟು ತೆರೆದೆ.

ಕಾರ್ಡುಗಳು ಬಹಳ ಚಂದವಾಗಿ ಜೋಡಿಸಿದ್ದವು. ಪ್ರತಿಯೊಂದರ ಮೇಲೂ, ನಟ್ಟ ನಡುವೆ, ಕಪ್ಪು ಬಿಳಿ ಗುರುತಿಗೆ ಅಡ್ಡಲಾಗಿ, ಮೂರು ದಪ್ಪ ವಿಭೂತಿ ಪಟ್ಟೆ. ಒದ್ದೆ ವಿಭೂತಿಯ ಮೇಲೆ ಕುಂಕುಮ ನಿಲ್ಲಲಿಲ್ಲವೆಂದು ಪಟ್ಟೆಯ ಮೇಲ್ಗಡೆ ಒಂದು ದೊಡ್ಡ ಬೊಟ್ಟು. ಒಂದೂ ಬಿಟ್ಟಿರಲಿಲ್ಲ.

ನನಗೆ ಅಳು ಬಂತು, ಅದರ ಬೆನ್ನಿಗೇ ಸಿಟ್ಟೂ ಬಂತು. ಒದ್ದೆ ಬಟ್ಟೆ ತಗೊಂಡು ಬರ್ರಿ, ಒರೆಸೋಣ ಎಂದೆ. ಒಂದು ಮಗುವೂ ಅಲುಗಾಡಲಿಲ್ಲ.

“ದೇವರ ವಿಭೂತಿ ರೀ ಟೀಚರ್. ಅಳಿಸಿದ್ರ ಪರೀಕ್ಷಾದಾಗ ನಪಾಸ್ ಆಗ್ತೀವಂತ ಹೆಡ್ ಸರ್ ಹೇಳ್ಯಾರ,” ಎಂದಳು ಒಬ್ಬಳು.

ನಾನೇ ಒಂದನ್ನು ಒರೆಸಲು ಹೋದೆ. ಕುಂಕುಮ ಕಲಸಿಹೋಗಿ ಕಾರ್ಡು ಇಡಿಯಾಗಿ ಗುಲಾಬಿ ಆಯಿತು. ಅಷ್ಟರಲ್ಲಿ ಸಾಹೇಬರು ಬಾಯಿ ಒರೆಸಿಕೊಳ್ಳುತ್ತ ಒಳಗೆ ಬಂದರು, ಹಿಂದೆ ಹೆಡ್ ಮಾಸ್ತರು. ಅವರ ಮುಖದಲ್ಲಿ ಪುಣ್ಯದ ಕೆಲಸ ಮಾಡಿದವರ ಕಳೆ ಇತ್ತು.

“ಟೀಚರ್ರ, ನೀವ ಅಂದಿದ್ರಲ್ಲ, ಆಯುಧ ಅಂತ,” ಎಂದು ಮೆಲ್ಲಗೆ ಹೇಳಿದರು. “ಪೂಜಿಗೆ ನಿಮ್ಮದನ್ನ ಬಿಡಬಾರದು ಅಂತ ನಾನ ಕೂತು ಎಲ್ಲಾಕ್ಕೂ ಹಚ್ಚೀನಿ. ಒಂದೂ ತಲಿಕೆಳಗ ಇಟ್ಟಿಲ್ಲ ಮತ್ತ. ಎ ಅಂಬೋದು ಮೊದಲನೇ ಅಕ್ಷರ, ಅದನ್ನ ಮ್ಯಾಲೆ ಮಾಡೀನಿ.”

ಇಷ್ಟು ಪ್ರೀತಿಯಿಂದ ಹಾಳುಮಾಡಿದವರನ್ನು ಬೈಯುವುದಾದರೂ ಹೇಗೆ? ಮೇಲಾಗಿ ಸಾಹೇಬರು ಕುರ್ಚಿ ಎಳೆದುಕೊಂಡು ಕೂತಾಗಿತ್ತು. ಶುರುಮಾಡಿದೆ. ಎಲೆಗಳು ಆಹಾರ ತಯಾರಿಸಲು ಗಾಳಿಯಿಂದ ಯಾವುದನ್ನು ತೆಗೆದುಕೊಳ್ಳುತ್ತವೆ ಎಂದು ಕೇಳಿದೆ. ಮಕ್ಕಳು ಕಾರ್ಡು ಎತ್ತಿದರು. ತರಗತಿ ತುಂಬ ವಿಭೂತಿ ಕುಂಕುಮ. ಸಾಹೇಬರ ಕೈ ತಾನಾಗಿಯೇ ಮುಗಿಯಲು ಹೋಗಿ ಅರ್ಧಕ್ಕೆ ನಿಂತಿತು.

ನಾನು ಕ್ಯಾಮೆರಾ ಆಡಿಸಿದೆ. ಟಿವಿಯಲ್ಲಿ ಏನೂ ಬರಲಿಲ್ಲ. ಹತ್ತಿರ ಹೋಗಿ ಆಡಿಸಿದೆ, ದೂರ ನಿಂತು ಆಡಿಸಿದೆ, ಬೆಂಚು ಹತ್ತಿ ಆಡಿಸಿದೆ. ಕಡೆಗೆ ಒಂದೇ ಒಂದು ಹೆಸರು ಬಂತು. ಮದುವೆ ಪತ್ರಿಕೆಯಲ್ಲಿ ತನ್ನ ಸ್ವಂತ ಮಾವನ ಹೆಸರಿದೆಯೆಂದು ಕಾರ್ಡನ್ನು ಮನೆಗೆ ಒಯ್ದು, ಹೀಗೆ ಪೂಜೆ ತಪ್ಪಿಸಿಕೊಂಡ ಒಬ್ಬ ಹುಡುಗನದು. ಅವನ ಉತ್ತರ ತಪ್ಪಾಗಿತ್ತು. ಅಷ್ಟು ದೊಡ್ಡ ಟಿವಿಯ ತುಂಬ ಅವನೊಬ್ಬನೇ, ಕೆಂಪಗೆ.

“ಒಟ್ಟು ಇಷ್ಟೇನ್ರಿ ಮೇಡಂ ಇದು?” ಎಂದರು ಸಾಹೇಬರು. ಕಡೇ ಬೆಂಚಿನ ಕಡೆ ನೋಡಿದೆ. ಹುಡುಗಿ ಕಾರ್ಡನ್ನು ಇನ್ನೂ ಸೆಟೆದು ಹಿಡಿದಿದ್ದಳು. ಪಡಸಾಲೆಯಲ್ಲಿ ಆಕೆ ಅಕ್ಷರ ತಿದ್ದುತ್ತ ಕೂತದ್ದು ಕಣ್ಣಿಗೆ ಕಟ್ಟಿತು.

ಆಗ ಹೆಡ್ ಮಾಸ್ತರು ಎದ್ದರು. ತಮ್ಮ ಪೂಜೆಯಿಂದ ಫಜೀತಿಯಾಯಿತೆಂದು ಅವರಿಗೂ ತಿಳಿದಿತ್ತು, ಕಿವಿ ಕೆಂಪಾಗಿದ್ದವು. ಕನ್ನಡಕ ಏರಿಸಿ ತರಗತಿಯನ್ನು ಈ ತುದಿಯಿಂದ ಆ ತುದಿಗೆ ನೋಡಿದರು.

“ಮೊಬೈಲಿಗೆ ಕಾಣವಲ್ದು, ಖರೇ. ನನಗ ಕಾಣಾಕತ್ತೈತಲ್ರಿ,” ಎಂದರು. “ಕುಂಕುಮ ಮ್ಯಾಲಿದ್ರ ಎ. ಕೆಳಗಿದ್ರ ಸಿ. ನಮ್ಮ ಎಡಕ್ಕಿದ್ರ ಬಿ, ಬಲಕ್ಕಿದ್ರ ಡಿ. ನಾನ ಹಚ್ಚಿದ್ದು, ನನಗ ಗೊತ್ತಾಗಂಗಿಲ್ಲೇನು?”

ಸಾಹೇಬರು ಕುರ್ಚಿಯಲ್ಲಿ ಮುಂದಕ್ಕೆ ಸರಿದರು. ಹೆಡ್ ಮಾಸ್ತರು ನನ್ನನ್ನು ಪಕ್ಕಕ್ಕೆ ಸರಿಸಿ ತಾವೇ ಪ್ರಶ್ನೆ ಹಾಕಿದರು. ಚೌಕಾಕಾರದ ಒಂದು ಭತ್ತದ ಮಡಿ ಇದೆ. ಅದರ ಎಲ್ಲ ಬದಿಗಳನ್ನೂ ಎರಡು ಪಟ್ಟು ಉದ್ದ ಮಾಡಿದರೆ ಮಡಿ ಎಷ್ಟು ಪಟ್ಟು ದೊಡ್ಡದಾಗುತ್ತದೆ? ಎ ಎರಡು ಪಟ್ಟು, ಬಿ ನಾಲ್ಕು ಪಟ್ಟು, ಸಿ ಎಂಟು ಪಟ್ಟು, ಡಿ ಇದ್ದಷ್ಟೇ.

ಕಾರ್ಡು ಎದ್ದವು. ಮುಂದಿನ ಬೆಂಚಿನಿಂದ ಹಿಂದಿನವರೆಗೆ ಎಲ್ಲರ ಕುಂಕುಮವೂ ಮೇಲೆ. ಎರಡು ಪಟ್ಟು, ಎರಡು ಪಟ್ಟು, ಎರಡು ಪಟ್ಟು. ಹೆಡ್ ಮಾಸ್ತರು ತುಟಿ ಕಚ್ಚಿ ನೋಡುತ್ತ ಹೋದರು. ಇದೇ ಪಾಠವನ್ನು ಅವರು ರಜೆಗೆ ಮುಂಚೆ ಮುಗಿಸಿದ್ದರು. ಕಣ್ಣು ಕಡೇ ಬೆಂಚಿಗೆ ಹೋದಾಗ ನಿಂತುಬಿಟ್ಟರು. ಅಲ್ಲೊಂದು ಕಾರ್ಡಿನಲ್ಲಿ ಪಟ್ಟೆಗಳು ನೆಟ್ಟಗೆ ನಿಂತಿದ್ದವು, ಕುಂಕುಮ ಎಡಕ್ಕಿತ್ತು.

“ಏನವ್ವಾ, ನೀ ಬೇಕಂತ ಹಂಗ ಹಿಡಿದೀಯೋ, ಕೈ ತಪ್ಪಿ ತಿರುಗೈತೋ?”

ಮೊಬೈಲಾಗಿದ್ದರೆ ಸುಮ್ಮನೆ ಹಸಿರು ತೋರಿಸಿ ಬಿಡುತ್ತಿತ್ತು. ಈ ಮನುಷ್ಯ ಏಳಿಸಿ ಕೇಳುತ್ತಾರೆ. ಆಕೆ ಎದ್ದಳು. ತರಗತಿಯೆಲ್ಲ ಹಿಂದಕ್ಕೆ ತಿರುಗಿತು. ಕಾರ್ಡಿನ ಹಿಂಬದಿಯ ಗಣಪತಿಯನ್ನು ಒಮ್ಮೆ ನೋಡಿದಳು.

“ಬೇಕಂತನ ಹಿಡಿದೀನಿ ಸರ್,” ಎಂದಳು.

ಆಕೆಯ ದನಿ ಹೇಗಿದೆಯೆಂದು ನನಗೂ ಮರೆತಿತ್ತು. ಹೆಡ್ ಮಾಸ್ತರು, “ಯಾಕ?” ಎಂದರು.

“ಮಡಿ ದೊಡ್ಡದು ಮಾಡಿದ್ರ ಈ ಪಕ್ಕ ಒಂದು ಮಡಿ ವಸ್ತದಿ ಸರ್, ಆ ಪಕ್ಕ ಒಂದು ಮಡಿ ವಸ್ತದಿ. ಮೂಲ್ಯಾಗ ಇನ್ನೊಂದು ಖಾಲಿ ಉಳೀತದ. ಅಲ್ಲಿಗೂ ನಾಟಿ ಮಾಡಬೇಕಲ್ಲ ಸರ್. ಹಳೇದು ಒಂದು. ನಾಲ್ಕು.”

ಬರುತ್ತದೆ ಎನ್ನುವ ಕಡೆ ವಸ್ತದಿ ಎಂದದ್ದಕ್ಕೆ ಯಾರೋ ಕಿಸಕ್ಕೆಂದರು. ಹೆಡ್ ಮಾಸ್ತರು ಅತ್ತ ಒಮ್ಮೆ ನೋಡಿದ್ದೇ, ಆ ನಗೆ ಬಂದಲ್ಲಿಗೇ ಹೋಯಿತು. ಆಮೇಲೆ ಬೋರ್ಡಿಗೆ ಹೋಗಿ ಒಂದು ಚೌಕ ಬರೆದರು. ಈ ಪಕ್ಕ ಒಂದು, ಆ ಪಕ್ಕ ಒಂದು, ಮೂಲೆಗೆ ಒಂದು. ಬರೆದ ನಾಲ್ಕನ್ನೂ ಬೆರಳಿಟ್ಟು ಎಣಿಸಿದರು. ತಿರುಗಿದಾಗ ಕೇಳಿದ್ದು ಬೇರೆಯದೇ:

“ಈ ಹುಡುಗಿ ಹೆಸರು ಅಕ್ಷರ ತಿದ್ದೋ ಮಂದ್ಯಾಗ ಯಾರು ಹಾಕಿದ್ರು?”

ಹಾಕಿದವರು ಅವರೇ. ಉತ್ತರಕ್ಕೆ ಕಾಯದೆ ಚಾಕ್‌ಪೀಸ್ ಕೆಳಗಿಟ್ಟರು.

ಸಾಹೇಬರಿಗಂತೂ ಬಹಳ ಹಿಡಿಸಿಬಿಟ್ಟಿತು. ನೆಟ್‌ವರ್ಕ್ ಇಲ್ಲ, ಕರೆಂಟ್ ಇಲ್ಲ, ಒಂದೇ ನೋಟಕ್ಕೆ ತರಗತಿಯೆಲ್ಲ ಗೊತ್ತಾಗುತ್ತದೆ ಎಂದು ಹೊಗಳಿ, ಜೀಪು ಹತ್ತುವ ಮುಂಚೆ, “ಈ ಆ್ಯಪ್ ಹೆಸರೇನಂದ್ರಿ? ಬೇರೆ ಸಾಲಿಯವರಿಗೂ ಹೇಳಬೇಕು,” ಎಂದು ಕೇಳಿದರು.

“ಆ್ಯಪ್ ಅಲ್ರೀ ಸಾಹೇಬ್ರ, ವಿಭೂತಿ,” ಎಂದರು ಹೆಡ್ ಮಾಸ್ತರು. “ಮಸ್ಕಿ ಸಂತ್ಯಾಗ ಬೇಕಾದಷ್ಟು ಸಿಗ್ತೈತಿ.”

ನಾನು ಗೆದ್ದೆನೆಂದುಕೊಂಡು ಫೋನನ್ನು ಪರ್ಸಿಗೆ ಹಾಕುತ್ತಿದ್ದೆ. ಹೆಡ್ ಮಾಸ್ತರು ಕೈ ಚಾಚಿದರು. ಹುಡುಗಿ ತರಗತಿಯಲ್ಲೇ ಇರಲಿ, ಅದರಲ್ಲಿ ಎರಡು ಮಾತಿಲ್ಲ; ಆದರೆ ಮೊಬೈಲಿಲ್ಲದೆ ನಡೆಯುತ್ತದೆ ಅಂತ ಸಾಹೇಬರೆದುರೇ ಸಾಬೀತಾಯಿತಲ್ಲ ಎಂದರು. ನಾನು ಇಡೀ ತರಬೇತಿ ನೆನಪಿಸಿಕೊಂಡು ವಾದಿಸಿದೆ. ಏನೂ ನಡೆಯಲಿಲ್ಲ. ಅಂದಿನಿಂದ ನನ್ನ ಪಿರಿಯಡ್ಡುಗಳಲ್ಲಿ ಫೋನು ಕಬ್ಬಿಣದ ಬೀರುವಿನಲ್ಲಿ, ಹಳೇ ಗಂಟೆಯ ಪಕ್ಕ ಮಲಗಿರುತ್ತದೆ. ಪುಕ್ಕಟೆ ಸಿಕ್ಕದ್ದು ಪುಕ್ಕಟೆಯೇ ಹೋಯಿತು. ಸೋಮವಾರಕ್ಕೊಮ್ಮೆ ಹೆಡ್ ಮಾಸ್ತರು ಮಾಸಿದ ಪಟ್ಟೆಗಳ ಮೇಲೆ ಹೊಸ ವಿಭೂತಿ ಎಳೆಯುತ್ತಾರೆ, ಗಣಿತಕ್ಕೂ ಅದೇ ಕಾರ್ಡುಗಳನ್ನು ಒಯ್ಯುತ್ತಾರೆ. ಮೊದಲೆಲ್ಲ ಮುಂದಿನ ಬೆಂಚಿಗೆ ಪ್ರಶ್ನೆ ಹಾಕಿ ಅಲ್ಲೇ ಉತ್ತರ ಇಸಿದುಕೊಂಡು ಬರುತ್ತಿದ್ದವರು, ಈಗ ಕಡೇ ಬೆಂಚಿನಿಂದ ನೋಡಲು ಶುರುಮಾಡುತ್ತಾರೆ. ಅವರನ್ನು ಬೈಯಲು ನನಗೆ ಬಾಯಿ ಬರುವುದಿಲ್ಲ, ಅದೇ ನನ್ನ ಸಂಕಟ.

ಆಮೇಲೆ ಒಂದು ದಿನ ಪಾಠದ ನಡುವೆ ಪ್ರಶ್ನೆ ಕೇಳಿದೆ. ಎಲ್ಲರೂ ಕಾರ್ಡು ಎತ್ತಿದರು. ಕಿಟಕಿಯ ಪಕ್ಕ ಮಾತ್ರ ಬರೀ ಕೈ ಎದ್ದಿತ್ತು.

“ಕಾರ್ಡ್ ಎಲ್ಲಿ ಬೇ?”

“ಮನ್ಯಾಗ ಐತ್ರಿ ಟೀಚರ್. ವಿಭೂತಿ ಹಚ್ಯಾರಂತ ನಮ್ಮ ಅಮ್ಮ ದೇವರ ಮುಂದ ಇಟ್ಟಾಳ್ರಿ. ಕೇಳಿದ್ರೂ ಕೊಡವಲ್ಲಳು.”

“ಮತ್ತ ಉತ್ತರ ಹೆಂಗ ಹೇಳ್ತೀ?”

“ಬಾಯಿಲೇ ಹೇಳ್ತೀನ್ರಿ,” ಎಂದಳು. ಎದ್ದುನಿಂತು ಅರ್ಧ ಕನ್ನಡ ಅರ್ಧ ತೆಲುಗಿನಲ್ಲಿ ಶುರುಮಾಡಿದಳು. ಮುಂದಿನ ಬೆಂಚು ನಕ್ಕಿತು. ಆಕೆ ನಿಲ್ಲಿಸಿದಳು, ನಗೆ ಮುಗಿಯಲೆಂದು ಕೈಕಟ್ಟಿ ಕಾದಳು. ಆಮೇಲೆ ಬಿಟ್ಟಲ್ಲಿಂದಲೇ ಮುಂದುವರಿಸಿದಳು.